ದುಡ್ಡಿಗಿಂತ ಮೊದಲು ಕಾಗದ: ಸಿಬಿಲ್‌ನಲ್ಲಿ ಉಳಿದ ಹಳೇ ಸಾಲ ಮುಗಿಸುವುದು ಹೇಗೆ

"ಇವತ್ತು ಸಂಜೆಯೊಳಗೆ ಹದಿನೈದು ಸಾವಿರ ಹಾಕಿ. ನಿಮ್ಮ ಹೆಸರನ್ನು ಸಿಬಿಲ್‌ನಿಂದ ತೆಗೆಸಿಬಿಡ್ತೇವೆ."

ಸಾಲ ವಸೂಲಿಗೆ ಫೋನ್ ಮಾಡುವವರ ಬಾಯಲ್ಲಿ ಈ ಮಾತು ಸಾಮಾನ್ಯ. ಇದನ್ನು ನಂಬಿ ದುಡ್ಡು ಹಾಕಿದವರು ಮಂಜೇಶ್ವರದಲ್ಲೂ ಇದ್ದಾರೆ, ಮುಳ್ಳೇರಿಯದಲ್ಲೂ ಇದ್ದಾರೆ. ಕೆಲವು ತಿಂಗಳು ಬಿಟ್ಟು ಮನೆ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಬ್ಯಾಂಕಿಗೆ ಹೋದರೆ ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲಗಳ ದಾಖಲೆಯಲ್ಲಿ, ಹಳೇ ಸಾಲ ಹಾಗೇ ಕಾಣುತ್ತದೆ. ಫೋನ್ ಮಾಡಿದವರ ನಂಬರ್ ಸ್ವಿಚ್ ಆಫ್. ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ.

ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೇಳುವುದು ಮುಖ್ಯವಾಗಿ ಕಾಸರಗೋಡಿನ ಕನ್ನಡಿಗರಿಗೆ. ಆದರೆ ರಿಸರ್ವ್ ಬ್ಯಾಂಕಿನ ನಿಯಮ ದೇಶಕ್ಕೆಲ್ಲ ಒಂದೇ. ಜತ್ತ, ಅಕ್ಕಲಕೋಟೆ, ತಾಳವಾಡಿ, ಮಡಕಶಿರ ಕಡೆಯವರಿಗೂ ಹೆಚ್ಚಿನದೆಲ್ಲ ಹೊಂದುತ್ತದೆ.

ವಸೂಲಿಯವರ ಕೈಯಲ್ಲಿ ಏನಿದೆ, ಏನಿಲ್ಲ

ನಿಮ್ಮ ಸಾಲದ ವರದಿಯಲ್ಲಿ ಒಂದಕ್ಷರ ಬರೆಯುವ ಅಧಿಕಾರವೂ ವಸೂಲಿ ಏಜೆಂಟರಿಗಿಲ್ಲ, ಅಳಿಸುವ ಅಧಿಕಾರವೂ ಇಲ್ಲ. ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಮಾಹಿತಿ ಕಳಿಸುತ್ತದೆ. ಅದನ್ನು ದಾಖಲಿಸಿಕೊಳ್ಳುವುದು ನಾಲ್ಕು ಸಂಸ್ಥೆಗಳು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾವು ನಾಲ್ಕಕ್ಕೂ ಸೇರಿಸಿ ಸಿಬಿಲ್ ಅಂತಲೇ ಹೇಳುತ್ತೇವೆ. ಇವು ನಡೆಯುವುದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ. ದಾಖಲೆಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ.

ಅಂದರೆ ಸಾಲ ನಿಜವಾಗಿ ನಿಮ್ಮದೇ, ಕಂತು ನಿಜವಾಗಿ ತಪ್ಪಿದೆ ಅಂತಾದರೆ ಆ ದಾಖಲೆಯನ್ನು ದುಡ್ಡು ಕೊಟ್ಟು ಅಳಿಸಲು ಆಗುವುದಿಲ್ಲ. ಯೂಟ್ಯೂಬಿನಲ್ಲಿ ಇದಕ್ಕೆ ಉಲ್ಟಾ ಹೇಳುವ ವೀಡಿಯೊಗಳಿವೆ. ಅವು ಹೆಚ್ಚಾಗಿ ಅಮೆರಿಕದ ಮಾತು. ಅಲ್ಲಿ ಹಳೇ ಸಾಲವನ್ನು ವಸೂಲಿ ಕಂಪನಿಗಳೇ ಕೊಂಡುಕೊಂಡು, ತಮ್ಮ ಹೆಸರಿನಲ್ಲೇ ವರದಿಗೆ ಹಾಕುತ್ತವೆ. ಹಾಗಾಗಿ 'ದುಡ್ಡು ಕೊಡ್ತೇನೆ, ದಾಖಲೆ ಅಳಿಸಿ' ಅಂತ ಚೌಕಾಸಿ ಮಾಡಲು ಅಲ್ಲಿ ಸ್ವಲ್ಪ ಜಾಗವಿದೆ. 1977ರ ಅಲ್ಲಿನ ವಸೂಲಿ ಕಾಯ್ದೆಯ ಪ್ರಕಾರ, ನೋಟಿಸ್ ಬಂದ 30 ದಿನದೊಳಗೆ ಸಾಲಕ್ಕೆ ಪುರಾವೆ ಕೇಳುವ ಹಕ್ಕೂ ಸಾಲಗಾರನಿಗಿದೆ. ಆ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಅಲ್ಲಿನ ಮಾದರಿ ಪತ್ರವನ್ನು ಇಲ್ಲಿ ಕಳಿಸಿದರೆ ಸುಮ್ನೆ ತಿಂಗಳು ಹಾಳು.

ಹಾಗಾದರೆ ಇಲ್ಲಿ ಮಾತಾಡಿ ಗೆಲ್ಲಬಹುದಾದದ್ದು ಏನು? ಮೂರು ಸಂಗತಿ. ತಪ್ಪಾಗಿ ಬಿದ್ದ ದಾಖಲೆಯನ್ನು ಪೂರ್ತಿ ತೆಗೆಸಬಹುದು. ಕೊಡಬೇಕಾದ ಮೊತ್ತ ಇಳಿಸಿಕೊಳ್ಳಬಹುದು. ಸಾಲ ಮುಗಿದ ಮೇಲೆ ವರದಿಯಲ್ಲಿ ಯಾವ ಪದ ಬರಬೇಕು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಬಹುದು. ಜನ ಮರೆಯುವುದು ಈ ಮೂರನೆಯದನ್ನು.

ವರದಿ ತೆಗೆದು ನೋಡಿ

ಯಾರ ಜೊತೆಗೂ ಮಾತಾಡುವ ಮೊದಲು ನಿಮ್ಮ ವರದಿ ನಿಮ್ಮ ಕೈಯಲ್ಲಿರಲಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. 2017ರಿಂದ ಈ ನಿಯಮವಿದೆ. ಅವರವರ ವೆಬ್‌ಸೈಟಿಗೇ ಹೋಗಿ, ಪ್ಯಾನ್ ಮತ್ತು ಮೊಬೈಲ್ ನಂಬರ್ ಕೊಟ್ಟು ತೆಗೆಯಿರಿ. ತೆಗೆಯಲು ಬಾರದಿದ್ದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಕೇಳಿ. ಒಂದು ಮಾತು ನೆನಪಿರಲಿ: ಓಟಿಪಿ ನೀವೇ ಹಾಕಿ, ವರದಿಯ ಪ್ರತಿ ಬೇರೆಯವರ ಫೋನಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ಉಚಿತ ವರದಿ ಅಂತ ಹೇಳಿ ತಿಂಗಳ ಪ್ಲಾನ್ ಕೊಳ್ಳಲು ಕೇಳುವ ಪುಟವೂ ಬರಬಹುದು. ಅದು ಬೇಕಾಗಿಲ್ಲ.

ವರದಿಯಲ್ಲಿ ಅಂಕ ಮಾತ್ರ ನೋಡಿ ಮುಚ್ಚಿಡಬೇಡಿ. 300ರಿಂದ 900ರ ನಡುವಿನ ಆ ಅಂಕಕ್ಕಿಂತ ಒಳಗಿನ ವಿವರ ಮುಖ್ಯ. ಪ್ರತಿ ಸಾಲಕ್ಕೂ ಖಾತೆ ಸಂಖ್ಯೆ, ಸಾಲ ಕೊಟ್ಟವರ ಹೆಸರು, ಬಾಕಿ ಮೊತ್ತ, ಕೊನೆಗೆ ಮಾಹಿತಿ ಬಂದ ದಿನಾಂಕ ಇರುತ್ತದೆ. ಕಳೆದ 36 ತಿಂಗಳಲ್ಲಿ ಯಾವ ತಿಂಗಳು ಎಷ್ಟು ದಿನ ತಡವಾಯಿತು ಅನ್ನುವುದೂ ಇರುತ್ತದೆ. ಸೊನ್ನೆ ಅಥವಾ 'ಎಸ್‌ಟಿಡಿ' ಅಂತಿದ್ದರೆ ಆ ತಿಂಗಳು ತೊಂದರೆಯಿಲ್ಲ. 30, 60, 90 ಅಂತ ಏರುತ್ತಾ ಹೋದರೆ ಬಾಕಿ ಬೆಳೆದಿದೆ ಅಂತ ತಿಳಿಯಿರಿ. ಜೊತೆಗೆ 'ರಿಟನ್ ಆಫ್', 'ಸೆಟಲ್ಡ್', 'ಸೂಟ್ ಫೈಲ್ಡ್' (ಕೋರ್ಟಿನಲ್ಲಿ ಕೇಸು ಹಾಕಿದೆ) ಅಂತ ಎಲ್ಲಾದರೂ ಇದೆಯಾ ನೋಡಿ. 'ರಿಟನ್ ಆಫ್' ಅಂದರೆ ಸಾಲ ಮನ್ನಾ ಆಯಿತು ಅಂತ ಎಷ್ಟೋ ಜನ ತಿಳಿಯುತ್ತಾರೆ. ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ನಷ್ಟ ಅಂತ ತೋರಿಸಿದೆ, ಅಷ್ಟೇ. ನಿಮ್ಮ ಮೇಲಿನ ಬಾಕಿ ಹಾಗೇ ಇದೆ.

ಗಡಿಯ ನಮಗೆ ಒಂದು ಹೆಚ್ಚಿನ ತಲೆನೋವಿದೆ. ಅದು ಹೆಸರು ಮತ್ತು ವಿಳಾಸದ್ದು. ಶಾಲೆಯ ದಾಖಲೆಯಲ್ಲಿ ಮನೆ ಹೆಸರಿನ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬಂದ ಬೇರೆಯೇ ಸ್ಪೆಲ್ಲಿಂಗ್. ಮನೆ ಪೆರ್ಲದಲ್ಲಿ, ಬ್ಯಾಂಕ್ ಮಂಗಳೂರಿನಲ್ಲಿ, ಸಿಮ್ ಎಲ್ಲಿಯದೋ. ಇಂಥ ಕಡೆ ಬೇರೆ ಯಾರದೋ ಸಾಲ ನಿಮ್ಮ ವರದಿಯೊಳಗೆ ಬಂದು ಕೂರಬಹುದು. ಹಾಗಾಗಿ ಪ್ರತಿ ಖಾತೆಯನ್ನೂ 'ಇದು ನನ್ನದೇನಾ?' ಅಂತ ಕೇಳಿಕೊಂಡೇ ಓದಿ. ನಿಮ್ಮದಲ್ಲದ ಸಾಲ, ಎರಡು ಸಲ ಬಿದ್ದ ಸಾಲ, ಕಟ್ಟಿ ಮುಗಿಸಿದರೂ ಬಾಕಿ ತೋರಿಸುವ ಸಾಲ, ಇವಕ್ಕೆ ಚೌಕಾಸಿ ಬೇಡವೇ ಬೇಡ. ಒಂದು ರೂಪಾಯಿಯೂ ಕೊಡಬೇಡಿ. ಇವನ್ನು ತಕರಾರು ಹಾಕಿಯೇ ತೆಗೆಸಬೇಕು. ಆ ದಾರಿಯನ್ನು ಮುಂದೆ ಹೇಳುತ್ತೇನೆ.

ಸಾಲ ಈಗ ಯಾರ ಕೈಯಲ್ಲಿದೆ?

ಫೋನ್ ಮಾಡಿದವರು ಯಾರು ಅಂತ ತಿಳಿಯದೆ ಮಾತು ಮುಂದುವರಿಸಬೇಡಿ. ಬ್ಯಾಂಕಿನವರೇ ಇರಬಹುದು. ಬ್ಯಾಂಕ್ ನೇಮಿಸಿದ ಏಜೆನ್ಸಿ ಇರಬಹುದು. ಅಥವಾ ಬ್ಯಾಂಕಿನಿಂದ ಸಾಲವನ್ನೇ ಕೊಂಡುಕೊಂಡ ಆಸ್ತಿ ಪುನರ್‌ರಚನಾ ಕಂಪನಿ, ಅಂದರೆ ಎಆರ್‌ಸಿ ಇರಬಹುದು. ಮೊದಲ ಎರಡರಲ್ಲಿ ನಿಮ್ಮ ಲೆಕ್ಕ ಬ್ಯಾಂಕಿನ ಜೊತೆಗೇ. ಮೂರನೆಯದರಲ್ಲಿ ಎಆರ್‌ಸಿಯ ಜೊತೆ ಮುಗಿಸಬೇಕು. ವರದಿಯಲ್ಲಿ ಸಾಲ ಕೊಟ್ಟವರ ಜಾಗದಲ್ಲಿ ಯಾರ ಹೆಸರಿದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಬ್ಯಾಂಕಿನಿಂದ ಲಿಖಿತವಾಗಿ ಬರಬೇಕು.

ಏಜೆನ್ಸಿಗೆ ಕೇಸು ಒಪ್ಪಿಸುವಾಗ ಬ್ಯಾಂಕ್ ಆ ಏಜೆನ್ಸಿಯ ವಿವರವನ್ನು ನಿಮಗೆ ತಿಳಿಸಬೇಕು. ಮನೆಗೆ ಬರುವ ಏಜೆಂಟನ ಹತ್ತಿರ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಇರಬೇಕು. ಇದು 2008ರಿಂದಲೇ ಇರುವ ರಿಸರ್ವ್ ಬ್ಯಾಂಕ್ ನಿಯಮ. ಕೇಳಿ, ಫೋಟೋ ತೆಗೆದುಕೊಳ್ಳಿ. ತೋರಿಸದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಆಮೇಲೆ ಬ್ಯಾಂಕಿಗೆ ಒಂದು ಪತ್ರ ಬರೆದು ಬಾಕಿಯ ಪೂರ್ತಿ ಲೆಕ್ಕ ಕೇಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು, ಬೇರೆ ಖರ್ಚು ಎಷ್ಟು ಅಂತ ಬಿಡಿಬಿಡಿಯಾಗಿ ಬೇಕು. ಕಂತು ತಪ್ಪಿದ್ದಕ್ಕೆ ದಂಡದ ಬಡ್ಡಿ ಹಾಕುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ನಿಲ್ಲಿಸಿತು. ಅದು ಜಾರಿಯಾದದ್ದು 2024ರಲ್ಲಿ. ಈಗ ದಂಡದ ಶುಲ್ಕ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವ ಹಾಗಿಲ್ಲ. ಕ್ರೆಡಿಟ್ ಕಾರ್ಡಿನ ಲೆಕ್ಕ ಬೇರೆ, ಅದಕ್ಕೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಏನೇ ಇರಲಿ, ಲೆಕ್ಕ ಬಿಡಿಸಿ ನೋಡಿದಾಗಲೇ ಎಲ್ಲಿ ಕಡಿಮೆ ಮಾಡಲು ಕೇಳಬಹುದು ಅಂತ ಗೊತ್ತಾಗುವುದು.

ಕನ್ನಡದಲ್ಲಿ ಕೊಡಿ ಅಂತ ಕೇಳಿ

ನಮ್ಮ ಕಡೆ ಕಾಗದ ಬರುವುದು ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ. ಮಲಯಾಳ ಮಾತಾಡಲು ಬಂದರೂ ಓದಲು ಬಾರದ ಹಿರಿಯರು ಮನೆಮನೆಯಲ್ಲಿದ್ದಾರೆ. ಏಜೆಂಟ್ ತೋರಿಸಿದ ಕಡೆ ಸಹಿ ಹಾಕಿಬಿಡುತ್ತಾರೆ. ಇದು ತುಂಬ ಅಪಾಯ. ಹಾಕಿದ ಸಹಿ ಹೊಸ ಕಂತಿನ ಒಪ್ಪಂದಕ್ಕೂ ಇರಬಹುದು, ಸತ್ತ ಸಾಲಕ್ಕೆ ಜೀವ ಕೊಡುವ ಒಪ್ಪಿಗೆಗೂ ಇರಬಹುದು.

ಫೈನಾನ್ಸ್ ಕಂಪನಿಗಳು ಸಾಲಗಾರನ ಜೊತೆ ಅವನಿಗೆ ಅರ್ಥವಾಗುವ ಭಾಷೆಯಲ್ಲೇ ವ್ಯವಹರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತದೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಕೊಡುವ ಮುಖ್ಯ ವಿವರಗಳ ಹಾಳೆಯೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದಕ್ಕೇ ಪತ್ರದಲ್ಲಿ ಒಂದು ಸಾಲು ಬರೆಯಿರಿ: 'ನನಗೆ ಓದಲು ಬರುವ ಭಾಷೆ ಕನ್ನಡ. ಮುಂದಿನ ಪತ್ರ ಮತ್ತು ಒಪ್ಪಂದವನ್ನು ಕನ್ನಡದಲ್ಲಿ ಕೊಡಿ.' ಕೊಡಲು ತಡ ಮಾಡಿದರೆ ಮಾಡಲಿ. ಓದಲಾಗದ ಕಾಗದಕ್ಕೆ ಸಹಿ ಬೇಡ.

ಫೋನಿನ ಕಾಟ

ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆಯ ಪ್ರಕಾರ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನಾಲ್ಕು ಜನರ ಎದುರು ಮಾನ ಕಳೆಯುವುದು, ಮನೆಯವರಿಗೆ ಮತ್ತು ಗೆಳೆಯರಿಗೆ ಕಿರಿಕಿರಿ ಮಾಡುವುದು, ವಾಟ್ಸಾಪಿನಲ್ಲಿ ಕೆಟ್ಟ ಮೆಸೇಜ್ ಹಾಕುವುದು, ಎಲ್ಲವೂ ನಿಷಿದ್ಧ. ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಇನ್ನೂ ಬಿಗಿ. ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ ಮಾತ್ರ ಫೋನ್. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ನಡೆಯಬೇಕು. ಆ ಜಾಗಕ್ಕೆ ನೀವು ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದೆ ಹೋದರೆ ಮಾತ್ರ ಅವರು ಮನೆಗೆ ಬರಬಹುದು.

ಇಲ್ಲೊಂದು ತಪ್ಪು ತಿಳುವಳಿಕೆ ಬಿಡಿಸಬೇಕು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ನಾವು ನೋಡುವುದು ಕನ್ನಡ ಚಾನೆಲ್, ಓದುವುದು ಮಂಗಳೂರಿನ ಪೇಪರ್. ಹಾಗಾಗಿ ಅದು ನಮಗೂ ಇದೆ ಅಂದುಕೊಂಡವರಿದ್ದಾರೆ. ತಲಪಾಡಿಯ ಈಚೆ ಅದು ನಡೆಯುವುದಿಲ್ಲ. ನಮಗೆ ಇರುವುದು ರಿಸರ್ವ್ ಬ್ಯಾಂಕಿನ ನಿಯಮ ಮತ್ತು ಕೇರಳ ಪೊಲೀಸ್. ಬೆದರಿಕೆ ಬಂದರೆ ಠಾಣೆಗೆ ದೂರು ಕೊಡಿ, ರಸೀದಿ ತೆಗೆದುಕೊಳ್ಳಿ. ಫೋಟೋ ತಿರುಚಿ ಹರಡುತ್ತೇವೆ ಅನ್ನುವ ಲೋನ್ ಆ್ಯಪ್‌ನವರಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅಂಥವರ ಜೊತೆ ಚೌಕಾಸಿ ಮಾಡಲೇಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ಮಾತೆಲ್ಲ ಕಾಗದದ ಮೇಲೇ ನಡೆಯಲಿ. ಫೋನ್ ಬಂದರೆ ಹೀಗೆ ಹೇಳಿ: "ನಾನು ಓಡಿಹೋಗುತ್ತಿಲ್ಲ. ಬ್ಯಾಂಕಿಗೆ ಪತ್ರ ಬರೆದಿದ್ದೇನೆ. ನಿಮ್ಮ ಆಫರ್ ಏನಿದ್ದರೂ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಕಳಿಸಿ." ಅಷ್ಟು ಸಾಕು. ಎಷ್ಟು ಸಂಬಳ, ಅಡಿಕೆ ಯಾವಾಗ ಮಾರುತ್ತೀರಿ, ಮಗ ಗಲ್ಫಿನಿಂದ ಎಷ್ಟು ಕಳಿಸುತ್ತಾನೆ, ಇದೆಲ್ಲ ಅವರಿಗೆ ಹೇಳಬೇಕಾಗಿಲ್ಲ.

ಗಲ್ಫಿನ ಮಾತು ಬಂತು. ದುಬೈಯಲ್ಲಿ ಕ್ರೆಡಿಟ್ ಕಾರ್ಡ್ ಬಾಕಿ ಬಿಟ್ಟು ಬಂದವರ ಮನೆಗೆ, ಉಪ್ಪಳ, ಕುಂಬಳೆ ಕಡೆ, ಇಲ್ಲಿನ ಏಜೆನ್ಸಿಗಳು ಫೋನ್ ಮಾಡುವುದುಂಟು. ಆ ಸಾಲ ಸಿಬಿಲ್‌ನಲ್ಲಿ ಕಾಣುವುದಿಲ್ಲ. ಅದರ ದಾಖಲೆ ಯುಎಇಯ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ. ಸಾಲಕ್ಕೆ ಸಹಿ ಹಾಕದ ಅಪ್ಪ ಅಮ್ಮ, ಹೆಂಡತಿ ಅದಕ್ಕೆ ಹೊಣೆಯಲ್ಲ. ಆದರೆ ಅಷ್ಟಕ್ಕೇ ನಿಶ್ಚಿಂತೆ ಬೇಡ. 2020ರ ಜನವರಿಯಲ್ಲಿ ಭಾರತ ಸರ್ಕಾರ ಯುಎಇಯ ಸಿವಿಲ್ ಕೋರ್ಟ್ ತೀರ್ಪುಗಳನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಜಾರಿ ಮಾಡಲು ದಾರಿ ತೆರೆದಿದೆ. ಅಲ್ಲಿ ಕೇಸು ಇದೆ ಅಂತ ಗೊತ್ತಾದರೆ ವಕೀಲರನ್ನು ಕಾಣಲೇಬೇಕು.

ಎಷ್ಟು ಕೊಡಬಹುದು ಅಂತ ನೀವೇ ಮೊದಲು ಲೆಕ್ಕ ಹಾಕಿ

ಮಾತುಕತೆಗೆ ಕೂರುವ ಮೊದಲು ಎರಡು ಮೊತ್ತ ಗುರುತು ಮಾಡಿಟ್ಟುಕೊಳ್ಳಿ. ನೀವು ಮೊದಲು ಹೇಳುವ ಮೊತ್ತ ಒಂದು. ಅದಕ್ಕಿಂತ ಮೇಲೆ ಹೋಗಲಾರೆ ಅನ್ನುವ ಮೊತ್ತ ಇನ್ನೊಂದು. ಎರಡನೆಯದು ಕೈಯಲ್ಲಿ ಇರುವ ದುಡ್ಡಾಗಿರಬೇಕು. ಅಡಿಕೆ ಮಾರಿದ್ದು, ಮುಗಿದ ಚಿಟ್ಟಿ, ಊರಿಗೆ ಬಂದ ಮಗ ಕೊಟ್ಟದ್ದು, ಯಾವುದಾದರೂ ಸರಿ. ಹಳೇ ಸಾಲ ತೀರಿಸಲು ಬ್ಲೇಡಿನವರ, ಅಂದರೆ ಖಾಸಗಿ ಲೇವಾದೇವಿಯವರ, ವಿಪರೀತ ಬಡ್ಡಿಗೆ ಕೈ ಹಾಕಬೇಡಿ. ಸಿಬಿಲ್ ಅಂಕ ಹಾಳಾದರೆ ಕೆಲವು ವರ್ಷ ಕಷ್ಟ. ಬ್ಲೇಡಿನವರ ಕೈಗೆ ಸಿಕ್ಕರೆ ಮನೆಯೇ ಹೋದೀತು.

ಇನ್ನೊಂದು ಲೆಕ್ಕ ಕಾಲದ್ದು. ಆಸ್ತಿ ಅಡವಿಲ್ಲದ ಸಾಲಕ್ಕೆ ಸಿವಿಲ್ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ 3 ವರ್ಷ ಇದೆ. ಆ ಅವಧಿಯೊಳಗೆ ಸ್ವಲ್ಪ ದುಡ್ಡು ಕಟ್ಟಿದರೂ, ಸಾಲ ಒಪ್ಪಿ ಬರೆದುಕೊಟ್ಟರೂ 3 ವರ್ಷ ಮತ್ತೆ ಮೊದಲಿನಿಂದ ಶುರು. ಅವಧಿ ಮುಗಿದ ಮೇಲೆ ಕೊಡುತ್ತೇನೆ ಅಂತ ಬರೆದು ಸಹಿ ಹಾಕಿದರೆ ಅದೂ ಹೊಸ ಕರಾರಾಗುತ್ತದೆ. 'ಐನೂರಾದರೂ ಹಾಕಿ' ಅಂತ ಅವರು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ತುಂಬ ಹಳೇ ಸಾಲವಾದರೆ ಏನೂ ಕಟ್ಟದೆ, ಏನೂ ಬರೆಯದೆ ಮೊದಲು ಕಾನೂನು ಸಲಹೆ ತೆಗೆದುಕೊಳ್ಳಿ. ಅವಧಿ ಮುಗಿದ ಮಾತ್ರಕ್ಕೆ ಸಿಬಿಲ್‌ನಿಂದ ಹೆಸರು ಹೋಗುವುದಿಲ್ಲ ಅನ್ನುವುದೂ ತಿಳಿದಿರಲಿ. ಸರ್ಕಾರಿ ಬ್ಯಾಂಕ್, ಕೇರಳ ಸರ್ಕಾರದ ಚಿಟ್ಟಿ ಸಂಸ್ಥೆ ಕೆಎಸ್‌ಎಫ್‌ಇಯಂಥವು ರೆವೆನ್ಯೂ ರಿಕವರಿ, ಅಂದರೆ ಕಂದಾಯ ಇಲಾಖೆಯ ಮೂಲಕ ವಸೂಲಿ ಮಾಡುವ ದಾರಿಯನ್ನೂ ಹಿಡಿಯಬಹುದು. ತಹಶೀಲ್ದಾರರ ನೋಟಿಸ್ ಬಂದಿದ್ದರೆ ಅದನ್ನು ಬದಿಗಿಡಬೇಡಿ.

ಚೌಕಾಸಿ: 'ಸೆಟಲ್ಡ್' ಬೇಡ, 'ಕ್ಲೋಸ್ಡ್' ಬೇಕು

ಇಡೀ ವಿಷಯದ ನಡುಗಂಬ ಇದು. ಬಾಕಿಗಿಂತ ಕಡಿಮೆ ಕೊಟ್ಟು ಮುಗಿಸಿದರೆ ಬ್ಯಾಂಕ್ ವರದಿಗೆ 'ಸೆಟಲ್ಡ್' ಅಂತ ಕಳಿಸುತ್ತದೆ. ಪೂರ್ತಿ ಕೊಟ್ಟು ಮುಗಿಸಿದರೆ 'ಕ್ಲೋಸ್ಡ್'. ಮುಂದೆ ಸಾಲ ಕೊಡುವವರು 'ಸೆಟಲ್ಡ್' ನೋಡಿದರೆ ಇವರು ಪೂರ್ತಿ ಕಟ್ಟಲಿಲ್ಲ ಅಂತಲೇ ಓದುತ್ತಾರೆ. ಅದರ ಮೇಲೆ, 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಚೌಕಟ್ಟಿನ ಪ್ರಕಾರ ರಾಜಿಯಲ್ಲಿ ಮುಗಿಸಿದವರಿಗೆ ಅದೇ ಬ್ಯಾಂಕ್ ಹೊಸ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಈ 12 ತಿಂಗಳ ಮಿತಿ ಇಲ್ಲ, ಅದನ್ನು ಆಯಾ ಬ್ಯಾಂಕಿನ ನೀತಿಗೆ ಬಿಟ್ಟಿದ್ದಾರೆ.

ಹಾಗಾದರೆ ಏನು ಕೇಳಬೇಕು? ಉದಾಹರಣೆಗೆ ಅಸಲು 60,000, ಬಡ್ಡಿ 25,000, ದಂಡ ಮತ್ತು ಇತರ ಶುಲ್ಕ 20,000 ಅಂತಿಟ್ಟುಕೊಳ್ಳಿ. ಏಜೆಂಟ್ ಹೇಳುತ್ತಾನೆ, "45,000 ಕೊಡಿ, ಮುಗಿಸೋಣ." ಕೇಳಲು ಚೆನ್ನಾಗಿದೆ. ಆದರೆ ಅದು 'ಸೆಟಲ್ಡ್'. ಕೈಯಲ್ಲಿ ಶಕ್ತಿ ಇದ್ದರೆ ನೀವು ಹೀಗೆ ಹೇಳಿ: "ಅಸಲು ಪೂರ್ತಿ ಕೊಡುತ್ತೇನೆ. ಬಡ್ಡಿಯಲ್ಲೂ ಒಂದು ಭಾಗ ಕೊಡುತ್ತೇನೆ. ದಂಡ ಮತ್ತು ಶುಲ್ಕವನ್ನು ಬ್ಯಾಂಕ್ ತನ್ನ ಖಾತೆಯಲ್ಲಿ ಮನ್ನಾ ಮಾಡಿ ಬಾಕಿಯನ್ನು ಸೊನ್ನೆಗೆ ತರಲಿ. ವರದಿಯಲ್ಲಿ ಕ್ಲೋಸ್ಡ್ ಅಂತ ಕಳಿಸಲಿ." ಶುಲ್ಕ ಬಿಡುವುದು ಬ್ಯಾಂಕಿಗೆ ಅಷ್ಟು ಕಷ್ಟವಲ್ಲ, ಅಸಲು ಬಿಡುವುದೇ ಕಷ್ಟ. ಎಲ್ಲರೂ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ, ಅಲ್ವಾ?

ಶಕ್ತಿ ಇಲ್ಲದಿದ್ದರೆ 'ಸೆಟಲ್ಡ್' ಒಪ್ಪುವುದರಲ್ಲಿ ನಾಚಿಕೆ ಏನೂ ಇಲ್ಲ. ತಿಂಗಳು ತಿಂಗಳೂ ಬಾಕಿ ಬೆಳೆಯುವುದಕ್ಕಿಂತ ಅದು ವಾಸಿ. ಮನೆಯಲ್ಲಿ ಕಾಯಿಲೆ, ತೋಟಕ್ಕೆ ಕೊಳೆರೋಗ, ಗಲ್ಫಿನಲ್ಲಿ ಕೆಲಸ ಹೋದದ್ದು, ಹೀಗೆ ಕಂತು ತಪ್ಪಲು ನಿಜವಾದ ಕಾರಣ ಇದ್ದರೆ ಅದರ ದಾಖಲೆ ಸೇರಿಸಿ ಬ್ಯಾಂಕಿನಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ಬರೆಯಿರಿ. ಏಜೆಂಟನಿಗಿಂತ ಅವರ ಕೈಯಲ್ಲಿ ಅಧಿಕಾರ ಜಾಸ್ತಿ. ಏಜೆಂಟನಿಗೆ ತಿಂಗಳ ಕೊನೆಯ ಗುರಿ ಮುಟ್ಟುವ ಅವಸರ ಇರುತ್ತದೆ. ಆ ಅವಸರ ನಿಮ್ಮದಾಗಬಾರದು. ಇವತ್ತೇ ಕೊನೆ ಅಂದ ಆಫರ್ ಮುಂದಿನ ತಿಂಗಳು ಮತ್ತೆ ಬರುವುದುಂಟು.

ಒಪ್ಪಂದದ ಪತ್ರ

ಮೊತ್ತ ನಿಗದಿಯಾಯಿತು. ಆದರೂ ದುಡ್ಡು ಇನ್ನೂ ನಿಮ್ಮ ಜೇಬಿನಲ್ಲೇ ಇರಲಿ. ಬ್ಯಾಂಕಿಗೆ ಇಂಥದೊಂದು ಪತ್ರ ಕೊಡಿ:

'ಮಾನ್ಯರೇ, ಸಾಲ ಖಾತೆ ಸಂಖ್ಯೆ ____ ಕುರಿತು ನಿಮ್ಮ ಪ್ರತಿನಿಧಿಯ ಜೊತೆ ಮಾತುಕತೆ ನಡೆದಿದೆ. ಈ ಪತ್ರ ರಾಜಿಯ ಪ್ರಸ್ತಾಪ ಮಾತ್ರ, ಇದರಿಂದ ನನ್ನ ಕಾನೂನು ಹಕ್ಕುಗಳಿಗೆ ಬಾಧೆ ಇಲ್ಲ. ರೂ. ____ ಅನ್ನು ____ ದಿನಾಂಕದೊಳಗೆ ಒಂದೇ ಕಂತಿನಲ್ಲಿ ಕಟ್ಟಲು ಸಿದ್ಧನಿದ್ದೇನೆ. ಕಟ್ಟಿದ ಮೇಲೆ ಈ ಖಾತೆಯಲ್ಲಿ ಬಾಕಿ ಸೊನ್ನೆ ಎಂದು, ಖಾತೆಯ ಸ್ಥಿತಿಯನ್ನು ಕ್ಲೋಸ್ಡ್ ಎಂದು ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಗೆ ಕಳಿಸುವುದಾಗಿ, ಉಳಿದ ಮೊತ್ತಕ್ಕೆ ನೀವಾಗಲಿ ಬೇರೆಯವರಾಗಲಿ ಮುಂದೆ ಬೇಡಿಕೆ ಇಡುವುದಿಲ್ಲವೆಂದು, ಬಾಕಿ ಇಲ್ಲದ ಪ್ರಮಾಣಪತ್ರ ಕೊಡುವುದಾಗಿ ಲಿಖಿತ ಒಪ್ಪಿಗೆ ಕೊಡಿ. ಒಪ್ಪಿಗೆ ಪತ್ರ ಕೈ ಸೇರಿದ ನಂತರ ಹಣ ಕಟ್ಟುತ್ತೇನೆ.'

ಎರಡು ಪ್ರತಿ ಮಾಡಿ, ಒಂದಕ್ಕೆ ಶಾಖೆಯ ಸೀಲ್ ಹಾಕಿಸಿಕೊಳ್ಳಿ. ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲನ್ನೂ ಹಾಕಿ.

ತಿರುಗಿ ಬಂದ ಪತ್ರವನ್ನು ನಿಧಾನವಾಗಿ ಓದಿ. ಖಾತೆ ಸಂಖ್ಯೆ ವರದಿಯಲ್ಲಿ ಇರುವುದೇನಾ? ಮೊತ್ತ ಅಂಕೆಯಲ್ಲೂ ಅಕ್ಷರದಲ್ಲೂ ಇದೆಯಾ? ಕಟ್ಟಬೇಕಾದ ಕೊನೆಯ ದಿನ ಯಾವುದು? ಬ್ಯಾಂಕಿನ ಅಧಿಕಾರಿಯ ಹೆಸರು, ಸಹಿ ಇದೆಯಾ? ಏಜೆನ್ಸಿಯ ಲೆಟರ್‌ಹೆಡ್, ವಾಟ್ಸಾಪ್ ಫೋಟೋ ಸಾಲದು. ಅನುಮಾನ ಬಂದರೆ ಆ ಪತ್ರವನ್ನೇ ಶಾಖೆಗೆ ಒಯ್ದು ಇದು ನಿಮ್ಮದೇನಾ ಅಂತ ಕೇಳಿ. ನಕಲಿ ಪತ್ರ ಮಾಡುವವರೂ ಇದ್ದಾರೆ.

ದುಡ್ಡು ಹೋಗಬೇಕಾದದ್ದು ಸಾಲದ ಖಾತೆಗೆ ಮಾತ್ರ. ಎನ್‌ಇಎಫ್‌ಟಿ, ಚೆಕ್, ಶಾಖೆಯ ಕೌಂಟರ್, ಯಾವುದಾದರೂ ಆಗಬಹುದು. ಏಜೆಂಟನ ಸ್ವಂತ ಯುಪಿಐಗೆ ಒಂದು ಪೈಸೆಯೂ ಬೇಡ. ಕಂತಿನಲ್ಲಿ ಕಟ್ಟುವ ರಾಜಿಯಾದರೆ ಒಂದು ಕಂತು ತಪ್ಪಿದರೂ ಒಪ್ಪಂದ ಮುರಿದು ಹಳೇ ಮೊತ್ತ ಪೂರ್ತಿ ತಿರುಗಿ ಬರಬಹುದು. ಆ ಷರತ್ತು ಇದೆಯಾ ನೋಡಿಕೊಂಡೇ ಒಪ್ಪಿ.

ಕಟ್ಟಿದ ಮೇಲೆ

ಬಾಕಿ ಇಲ್ಲದ ಪ್ರಮಾಣಪತ್ರವನ್ನು ಬೆನ್ನು ಹತ್ತಿ ತೆಗೆದುಕೊಳ್ಳಿ. ಆಧಾರ ಪತ್ರ (ಜಾಗದ ದಾಖಲೆ) ಅಡ ಇಟ್ಟಿದ್ದರೆ, ಪೂರ್ತಿ ಕಟ್ಟಿದ ಅಥವಾ ರಾಜಿಯಾಗಿ ಮುಗಿದ 30 ದಿನದೊಳಗೆ ಮೂಲ ದಾಖಲೆ ತಿರುಗಿ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ.

2025ರ ಜನವರಿ 1ರಿಂದ ಸಾಲದಾತರು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ಒಂದೂವರೆ ತಿಂಗಳು ಬಿಟ್ಟು ವರದಿ ತೆಗೆದು ನೋಡಿ. ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಆಗದಿರುವುದೂ ಉಂಟು. ನಾಲ್ಕನ್ನೂ ನೋಡಿ.

ಸರಿಯಾಗಿಲ್ಲ ಅಂದರೆ, ಅಥವಾ ಮೊದಲು ಹೇಳಿದ ಹಾಗೆ ಸಾಲವೇ ನಿಮ್ಮದಲ್ಲ ಅಂದರೆ, ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ತಕರಾರು ಹಾಕಿ. ಬ್ಯಾಂಕಿನ ಪತ್ರ, ಕಟ್ಟಿದ ರಸೀದಿ, ಪ್ರಮಾಣಪತ್ರ ಸೇರಿಸಿ. ಅದೇ ದಿನ ಬ್ಯಾಂಕಿಗೂ ದೂರು ಕೊಡಿ. 30 ದಿನದೊಳಗೆ ಬಗೆಹರಿಸಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. ತಡವಾದರೆ 30 ದಿನದ ನಂತರದ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಬರಬೇಕು. 2023ರ ಅಕ್ಟೋಬರ್ 26ರ ಸುತ್ತೋಲೆ ಇದು, ಜಾರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ದೂರಿನಲ್ಲಿ ಈ ಸುತ್ತೋಲೆಯ ದಿನಾಂಕ ಬರೆಯಿರಿ. ನಿಯಮ ಗೊತ್ತಿರುವವರು ಅಂತ ತಿಳಿದರೆ ಕಡತ ಬೇಗ ಸರಿಯುತ್ತದೆ.

30 ದಿನ ಕಳೆದೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ ಗ್ರಾಹಕರ ದೂರು ಕೇಳಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಬ್ಯಾಂಕ್, ಫೈನಾನ್ಸ್ ಕಂಪನಿ ಮಾತ್ರವಲ್ಲ, 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ದೂರು ಉಚಿತ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನುವ ದೂರಿನ ವೆಬ್‌ಸೈಟಿನಲ್ಲಿ ಹಾಕಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಮಲಯಾಳ, ಇಂಗ್ಲಿಷ್ ಬಾರದು ಅಂತ ಹಿಂಜರಿಯುವ ಹಿರಿಯರಿಗೆ ಈ ನಂಬರ್ ಬರೆದುಕೊಡಿ.

ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನ ದಾರಿ ಬೇರೆ. ಅವು ರಿಸರ್ವ್ ಬ್ಯಾಂಕಿನ ಲೈಸೆನ್ಸಿನವಲ್ಲ, ಒಂಬುಡ್ಸ್‌ಮನ್ ಅಲ್ಲಿಗೆ ಬರುವುದಿಲ್ಲ. ಸೊಸೈಟಿಯ ಸಾಲ ಸಿಬಿಲ್‌ನಲ್ಲಿ ಕಾಣದೆಯೂ ಇರಬಹುದು, ಮೊದಲು ನೋಡಿಕೊಳ್ಳಿ. ಸಹಕಾರಿ ಸಂಘಗಳಲ್ಲಿ ಕುಡಿಶ್ಶಿಕ (ಬಾಕಿ) ನಿವಾರಣೆ ಅಂತ ಆಗಾಗ ಬಡ್ಡಿ ರಿಯಾಯಿತಿಯ ಯೋಜನೆ ಬರುತ್ತದೆ. ಆಗ ಹೋಗಿ ಮುಗಿಸಿಕೊಳ್ಳುವುದು ಲಾಭ. ತಕರಾರಿದ್ದರೆ ಸಹಕಾರ ಇಲಾಖೆಯ ಅಸಿಸ್ಟೆಂಟ್ ರಿಜಿಸ್ಟ್ರಾರ್‌ಗೆ ಅರ್ಜಿ ಕೊಡಿ. ಕಾಸರಗೋಡಿನ ಕನ್ನಡಿಗರಿಗೆ ರಾಜ್ಯ ಸರ್ಕಾರದ ಕಚೇರಿಗೆ ಕನ್ನಡದಲ್ಲೇ ಬರೆಯುವ ಹಕ್ಕು 1969ರ ಕೇರಳದ ಭಾಷಾ ಕಾಯ್ದೆಯಿಂದಲೇ ಇದೆ. ಬಳಸಿ.

ಲೋಕ ಅದಾಲತ್ ಮತ್ತು ಜಾಮೀನು

ಬ್ಯಾಂಕ್ ಕೇಸು ಹಾಕಿದ್ದರೆ, ಹಾಕುವ ಹಂತದಲ್ಲಿದ್ದರೆ ಲೋಕ ಅದಾಲತ್ ಒಳ್ಳೆಯ ಜಾಗ. ಕೋರ್ಟ್ ಶುಲ್ಕ ಇಲ್ಲ. ವಿದ್ಯಾನಗರದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಆದರೆ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಮೇಲಿನ ಪತ್ರದಲ್ಲಿ ಹೇಳಿದ ಮಾತುಗಳನ್ನು, ಮುಖ್ಯವಾಗಿ ವರದಿಯಲ್ಲಿ ಯಾವ ಸ್ಥಿತಿ ತೋರಿಸಬೇಕು ಅನ್ನುವುದನ್ನು, ಆ ಆದೇಶದಲ್ಲೇ ಸೇರಿಸಲು ಕೇಳಿ.

ನೆರೆಯವರ ಸಾಲಕ್ಕೋ ಚಿಟ್ಟಿಗೋ ಜಾಮೀನು ನಿಂತವರು ನಮ್ಮಲ್ಲಿ ತುಂಬ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅವರು ಕಂತು ತಪ್ಪಿಸಿದರೆ ನಿಮ್ಮ ವರದಿಯಲ್ಲೂ ಕಾಣುತ್ತದೆ. ಅವರು ರಾಜಿ ಮಾಡಿಕೊಳ್ಳುವಾಗ ಜಾಮೀನುದಾರರನ್ನೂ ಹೊಣೆಯಿಂದ ಬಿಡಿಸಲಾಗಿದೆ ಅಂತ ಪತ್ರದಲ್ಲಿ ಹೆಸರು ಹಾಕಿ ಬರೆಸಿ. ನೀವೇ ಕಟ್ಟಿ ಮುಗಿಸಿದರೆ ಆ ದುಡ್ಡನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ.

ಈಗಾಗಲೇ 'ಸೆಟಲ್ಡ್' ಆಗಿದ್ದರೆ

ಆಗಲೂ ದಾರಿ ಮುಚ್ಚಿಲ್ಲ. ಅಂದು ಬಿಟ್ಟ ಮೊತ್ತ ಎಷ್ಟು ಅಂತ ಬ್ಯಾಂಕಿಗೆ ಬರೆದು ಕೇಳಿ. ಅದನ್ನು ಈಗ ಕಟ್ಟಿದರೆ 'ಕ್ಲೋಸ್ಡ್' ಅಂತ ಬದಲಿಸುತ್ತೀರಾ ಅಂತಲೂ ಕೇಳಿ. ಒಪ್ಪುವ ಬ್ಯಾಂಕುಗಳಿವೆ. ಇಲ್ಲೂ ಅದೇ ಕ್ರಮ: ಮೊದಲು ಪತ್ರ, ಆಮೇಲೆ ದುಡ್ಡು. ಇಷ್ಟು ದುಡ್ಡು ಕೊಟ್ಟರೆ ಅಂಕ ಏರಿಸಿಕೊಡುತ್ತೇವೆ ಅನ್ನುವ ಸಿಬಿಲ್ ರಿಪೇರಿಯವರು ಮಾಡುವುದೂ ನೀವು ಉಚಿತವಾಗಿ ಹಾಕಬಹುದಾದ ಈ ತಕರಾರುಗಳನ್ನೇ. ನಿಜವಾದ ದಾಖಲೆಯನ್ನು ಅಳಿಸಲು ಅವರಿಂದಲೂ ಆಗುವುದಿಲ್ಲ.

ಅಂಕ ಮತ್ತೆ ಏರಲು ಹೊಸದಾಗಿ ಸರಿಯಾಗಿ ಕಟ್ಟಿದ ತಿಂಗಳುಗಳು ಬೇಕು. ಬೇರೆ ಸಾಲ ಸಿಗದಿದ್ದರೆ ಬ್ಯಾಂಕಿನಲ್ಲೇ ಒಂದು ಸಣ್ಣ ಚಿನ್ನದ ಸಾಲ ಸಾಕು. ಅದೂ ವರದಿಗೆ ಹೋಗುತ್ತದೆ. ತಿಂಗಳ ಕಂತಿನದ್ದನ್ನೇ ಆರಿಸಿ, ಕಂತನ್ನು ತಾನಾಗಿ ಕಟ್ ಆಗುವ ಹಾಗೆ ಮಾಡಿಸಿ. ಕಂತಿನ ದಿನಾಂಕವನ್ನು ಸಂಬಳ ಅಥವಾ ಗಲ್ಫಿನ ದುಡ್ಡು ಬರುವ ದಿನದ ನಂತರಕ್ಕೆ ಇಡಲು ಶಾಖೆಯಲ್ಲಿ ಮೊದಲೇ ಹೇಳಿ.